ಲೋಕಾಯುಕ್ತದಿಂದ ‘ತನಿಖೆ ಕೈಗೊಳ್ಳಲು ಅವಕಾಶವಿಲ್ಲ’ ಅಂತ ಹಿಂಬರಹ ಬಂದಿದೆ, ಇಲ್ಲಿಗೆ ಮುಗೀತಾ?

ಎಡದಂಡೆ_ಕಾಲುವೆ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಕಡೆಯವನು. ನಮ್ಮ ಅಣ್ಣ ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಯಾವ ಕಚೇರಿ, ಯಾವ ಊರು ಅಂತ ಬರೆಯಲ್ಲ, ದಯವಿಟ್ಟು ಕೇಳಬೇಡಿ.

ಅಣ್ಣ ಅಲ್ಲಿಗೆ ಹೋಗಿದ್ದು 2023ರಲ್ಲಿ. ಆಡಿಟ್‌ಗೆ ಹಳೇ ಫೈಲ್ ಜೋಡಿಸುವಾಗ ಒಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ರಿಪೇರಿ ಬಿಲ್ ಮೂರು ಸಿಕ್ಕಿದವು. 2018ರ ಮಾರ್ಚ್, 2019ರ ಮಾರ್ಚ್, ಆಮೇಲೆ 2021ರ ಮಾರ್ಚ್. ಮೂರರಲ್ಲೂ ಅದೇ ಕೆಲಸ, ಮೆಂಬ್ರೇನ್ ಬದಲಾವಣೆ, ಮೋಟಾರ್ ರಿವೈಂಡಿಂಗ್, ಸುಣ್ಣಬಣ್ಣ. ಮೂರಕ್ಕೂ ಲಗತ್ತಿಸಿರುವ ಫೋಟೋ ಕೂಡ ಒಂದೇ. ಹೇಗೆ ಗೊತ್ತಾಯ್ತು ಅಂದ್ರೆ, ಘಟಕದ ಮೆಟ್ಟಿಲ ಮೇಲೆ ಒಂದು ಕರಿ ನಾಯಿ ಮಲಗಿದೆ, ಎಡಗಿವಿ ಮಡಚಿಕೊಂಡಿದೆ. ಮೂರು ವರ್ಷದ ಮೂರು ಬಿಲ್ಲಿನಲ್ಲೂ ಅದೇ ನಾಯಿ, ಅದೇ ಕಿವಿ, ಪಕ್ಕದಲ್ಲಿ ಅದೇ ಮುರಿದ ಕೊಡ. ಊರಲ್ಲಿ ಕೇಳಿದರೆ ಆ ಘಟಕಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ನೀರು ಹಿಡಿದು ಯಾವ ಕಾಲ ಆಯ್ತೋ ಅಂತಾರೆ. ಜನ ಬೋರ್ ನೀರೇ ಕುಡಿಯುತ್ತಿದ್ದಾರೆ. ನಮ್ಮ ಕಡೆ ಬೋರ್ ನೀರು ಅಂದ್ರೆ ಫ್ಲೋರೈಡ್ ಅಂತಾನೇ ಲೆಕ್ಕ, ಶಾಲೆ ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತೆ.

ಅಣ್ಣ ಮೇಲಿನವರಿಗೆ ಹೇಳಿದ. 2024ರ ಆಗಸ್ಟಿನಲ್ಲಿ ಅವನನ್ನೇ ಬೇರೆ ತಾಲ್ಲೂಕಿಗೆ ಎತ್ತಿ ಹಾಕಿದರು. ಡಿಸೆಂಬರಿನಲ್ಲಿ ಲೋಕಾಯುಕ್ತಕ್ಕೆ ದೂರು ಕೊಟ್ಟ. ಬಿಲ್ಲಿನ ವಿಷಯ, ಊರಿಗೆ ನೀರಿಲ್ಲದ ವಿಷಯ, ತನ್ನ ವರ್ಗಾವಣೆ ವಿಷಯ, ಮೂರೂ ಒಂದೇ ದೂರಿನಲ್ಲಿ. ಮೊನ್ನೆ ಹಿಂಬರಹ ಬಂತು. ಕಲಂ 8ರ ಪ್ರಕಾರ ತನಿಖೆ ಕೈಗೊಳ್ಳಲು ಅವಕಾಶವಿಲ್ಲ, ದೂರನ್ನು ಮುಕ್ತಾಯಗೊಳಿಸಿದೆ ಅಂತ. ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಕಳ್ಳತನ ಕಣ್ಣಿಗೆ ಕಾಣುತ್ತಿದ್ದರೂ ನೋಡಬಾರದು ಅಂತ ಕಾನೂನೇ ಹೇಳುತ್ತಾ?

ಸಿಂಧನೂರು_ಸೋನಾಮಸೂರಿ

ಹೇಳುತ್ತೆ ಬ್ರದರ್. ಸ್ವಾಗತ. ಸುಮ್ನೆ ಟೈಮ್ ವೇಸ್ಟ್. ಒಗ್ಗಾಣಿ ಮಿರ್ಚಿ ತಿಂದು ಮಲಗೋಕೆ ಹೇಳಿ ಅಣ್ಣನಿಗೆ.

ನಿವೃತ್ತ_ಶಿರಸ್ತೇದಾರ

ಮೇಲಿನವರ ಮಾತು ಬಿಡಿ. ತಮ್ಮಾ, ಹಿಂಬರಹದಲ್ಲಿ ಬರೀ 8 ಅಂತಿದೆಯಾ, ಉಪಕಲಂ ಹಾಕಿದ್ದಾರಾ? ಅದು ಗೊತ್ತಾಗದೆ ಯಾರು ಏನು ಹೇಳಿದರೂ ಗಾಳಿಗೆ ಗುದ್ದಿದ ಹಾಗೆ. ಪೂರ್ತಿ ಓದಿ ಹೇಳು. ಹೆಸರು, ನಂಬರ್ ಮಾತ್ರ ಬಿಟ್ಟುಬಿಡು.

ಎಡದಂಡೆ_ಕಾಲುವೆ

ಸರ್, ಎರಡು ಕಡೆ ಇದೆ. ಒಂದು, ಬಿಲ್ಲುಗಳ ಬಗ್ಗೆ 8(2)(ಡಿ), ಐದು ವರ್ಷ ಮೀರಿದೆ ಅಂತ. ಇನ್ನೊಂದು, ವರ್ಗಾವಣೆ ಬಗ್ಗೆ 8(1), ಎರಡನೇ ಅನುಸೂಚಿ ಅಂತ. ನೀರಿನ ಬಗ್ಗೆ ಒಂದು ಸಾಲೂ ಇಲ್ಲ.

ನಿವೃತ್ತ_ಶಿರಸ್ತೇದಾರ

ಈಗ ದಾರಿಗೆ ಬಂತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ. ಮೂವತ್ತು ವರ್ಷ ಇಂಥ ಹಿಂಬರಹ ಟೈಪ್ ಮಾಡಿಸಿದವನು ನಾನು.

ಲೋಕಾಯುಕ್ತ ಕಾಯ್ದೆ 1984ರಲ್ಲಿ ‘ಆಗಲ್ಲ’ ಅನ್ನೋದು ಎರಡು ಥರ ಇದೆ. ಒಂದು ಕಲಂ 8. ಅಲ್ಲಿ ತನಿಖೆ ನಡೆಸತಕ್ಕದ್ದಲ್ಲ ಅಂತಲೇ ಇದೆ. ಲೋಕಾಯುಕ್ತರಿಗೆ ನಿಮ್ಮ ಮೇಲೆ ಎಷ್ಟೇ ಕನಿಕರ ಇದ್ದರೂ ಕೈ ಕಟ್ಟಿರುತ್ತೆ. ಇನ್ನೊಂದು ಕಲಂ 9(5). ಅದು ಅವರ ವಿವೇಚನೆ. ದೂರು ಕ್ಷುಲ್ಲಕ, ಅಥವಾ ಸದುದ್ದೇಶ ಇಲ್ಲ, ಅಥವಾ ಸಾಕಷ್ಟು ಆಧಾರ ಇಲ್ಲ, ಅಥವಾ ಬೇರೆ ಕಡೆ ಹೋಗೋದೇ ಸರಿ ಅನ್ನಿಸಿದರೆ ಕೈಬಿಡಬಹುದು. ಆಗ ಕಾರಣ ಬರೆದು ದೂರುದಾರನಿಗೆ ತಿಳಿಸಬೇಕು. ಜನ ಇವೆರಡನ್ನೂ ಕಲಸಿ, ‘ಲೋಕಾಯುಕ್ತದವರೇ ಏನೂ ಇಲ್ಲ ಅಂದ್ರು’ ಅಂತ ಊರೆಲ್ಲ ಹೇಳಿಕೊಂಡು ಬರ್ತಾರೆ. ಎದುರು ಪಾರ್ಟಿಯೂ ಅದನ್ನೇ ಹೇಳಿಕೊಂಡು ತಿರುಗುತ್ತೆ, ಕ್ಲೀನ್ ಚಿಟ್ ಅಂತ. ಕಲಂ 8ರಲ್ಲಿ ಮುಚ್ಚಿದ ದೂರಿನಲ್ಲಿ ಬಿಲ್ ಸರಿ ಇತ್ತು ಅಂತ ಯಾರೂ ಹೇಳಿಲ್ಲ. ನೋಡಿಯೇ ಇಲ್ಲ ಅಷ್ಟೇ.

ಇನ್ನು ನಿಮ್ಮ ಅಣ್ಣನ ದೂರು. ಕಾಯ್ದೆಯಲ್ಲಿ ‘ಆಪಾದನೆ’ ಬೇರೆ, ‘ಕುಂದುಕೊರತೆ’ ಬೇರೆ. ಸುಳ್ಳು ಬಿಲ್ ಆಪಾದನೆ. ನೀರು ಬರಲ್ಲ ಅನ್ನೋದು ಕುಂದುಕೊರತೆ. ಆಪಾದನೆಗೆ ಕೃತ್ಯ ನಡೆದ ದಿನದಿಂದ ಐದು ವರ್ಷ. ಕುಂದುಕೊರತೆಗೆ ವಿಷಯ ಗೊತ್ತಾದ ದಿನದಿಂದ ಆರು ತಿಂಗಳು. ಗಮನಿಸಿ, ಒಂದು ನಡೆದ ದಿನದಿಂದ, ಇನ್ನೊಂದು ಗೊತ್ತಾದ ದಿನದಿಂದ. ಹಾಗಾಗಿ ‘ನನಗೆ 2023ರಲ್ಲಿ ಗೊತ್ತಾಯ್ತು’ ಅಂದ್ರೆ ಬಿಲ್ಲಿನ ಗಡಿಯಾರ ಅಲ್ಲಿಂದ ಶುರು ಆಗಲ್ಲ.

ಆದರೆ ದೂರು ಕೊಟ್ಟದ್ದು 2024ರ ಡಿಸೆಂಬರ್ ಅಂದೆ. ಐದು ವರ್ಷ ಹಿಂದೆ ಹೋದರೆ 2019ರ ಡಿಸೆಂಬರ್. ಮೊದಲ ಎರಡು ಬಿಲ್ ಹೊರಗೆ ಬೀಳುತ್ತವೆ. ಮೂರನೇದು?

ಎಡದಂಡೆ_ಕಾಲುವೆ

ಅಯ್ಯೋ. 2021. ಅದು ಒಳಗೇ ಇದೆ!

ಸಿಂಧನೂರು_ಸೋನಾಮಸೂರಿ

ಸರ್ ನೀವು ರಿಟೈರ್ ಆಗಬಾರದಿತ್ತು.

ಕಿನ್ನಾಳ_ಗೊಂಬೆ

ನಾನು ಕೊಪ್ಪಳದಲ್ಲಿ ವಕೀಲಿಕೆ ಮಾಡ್ತೀನಿ. ಶಿರಸ್ತೇದಾರ್ ಕಾಕಾ ಹೇಳಿದ್ದು ಸರಿ, ಎರಡು ಮಾತು ಸೇರಿಸುತ್ತೇನೆ.

ಐದು ವರ್ಷ, ಆರು ತಿಂಗಳು, ಎರಡಕ್ಕೂ ಒಂದು ಕಿಟಕಿ ಇದೆ. ತಡವಾಗಿದ್ದಕ್ಕೆ ಸಾಕಷ್ಟು ಕಾರಣ ಇತ್ತು ಅಂತ ಮನವರಿಕೆ ಮಾಡಿದರೆ ದೂರು ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲೇಬೇಕು ಅಂತಿಲ್ಲ. ನಿಮ್ಮಣ್ಣ ಆ ಕಚೇರಿಗೆ ಬಂದಿದ್ದೇ 2023ರಲ್ಲಿ, ಫೈಲು ಬೀರುವಿನಲ್ಲಿತ್ತು, ಹೊರಗಿನವರು ನೋಡೋಕೆ ಸಾಧ್ಯವೇ ಇರಲಿಲ್ಲ. ಇದು ಒಳ್ಳೆ ಕಾರಣವೇ. ಆದರೆ ಅದನ್ನು ದೂರಿನಲ್ಲಿ ಬರೆದು ಅಫಿಡವಿಟ್‌ನಲ್ಲಿ ಹೇಳಬೇಕಿತ್ತು. ಬರೆದಿದ್ದರಾ? ನನ್ನ ಅಂದಾಜು, ಇಲ್ಲ. ಯಾರೂ ಬರೆಯಲ್ಲ.

ಎರಡನೇದು, ವರ್ಗಾವಣೆ. ಇದರಲ್ಲಿ ಲೋಕಾಯುಕ್ತದವರನ್ನು ಬೈಯೋಕೆ ಆಗಲ್ಲ. ನೇಮಕ, ತೆಗೆದುಹಾಕೋದು, ಸಂಬಳ, ಶಿಸ್ತು ಕ್ರಮ, ಈ ಥರ ಸೇವಾ ವಿಷಯ ಎರಡನೇ ಅನುಸೂಚಿಯಲ್ಲಿವೆ, ಅದನ್ನು ಕುಂದುಕೊರತೆ ಅಂತ ತಂದರೆ ಮುಟ್ಟುವ ಹಾಗಿಲ್ಲ. ಪಿಂಚಣಿ, ಗ್ರಾಚ್ಯುಟಿ ಥರದ್ದು ಮಾತ್ರ ತರಬಹುದು. ವರ್ಗಾವಣೆಗೆ ಕೆಎಟಿ, ಅಂದರೆ ಸರ್ಕಾರಿ ನೌಕರರ ಸೇವಾ ವಿಷಯ ನೋಡುವ ಆಡಳಿತ ನ್ಯಾಯಮಂಡಳಿ ಇದೆ. ಅಲ್ಲಿಗೆ ಹೋಗಬೇಕಿತ್ತು. ಈಗಲೂ ಕೇಳಿ ನೋಡಿ, ತಡ ಆಗಿದೆ ಮಾತ್ರ.

ಎಡದಂಡೆ_ಕಾಲುವೆ

ಅಕ್ಕಾ, ಆದರೆ ವರ್ಗಾವಣೆ ಮಾಡಿದ್ದೇ ಬಾಯಿ ಬಿಟ್ಟದ್ದಕ್ಕೆ. ಎರಡನ್ನೂ ಬೇರೆ ಮಾಡೋದು ಹೇಗೆ? ಅಣ್ಣನಿಗೆ ಅದು ಒಂದೇ ಕಥೆ.

ಕಿನ್ನಾಳ_ಗೊಂಬೆ

ಅವನ ಬದುಕಿನಲ್ಲಿ ಒಂದೇ ಕಥೆ, ಹೌದು. ಕಾನೂನಿನಲ್ಲಿ ಮೂರು ಬಾಗಿಲು. ನನಗೂ ಇದು ಸರಿ ಅನ್ನಿಸಲ್ಲ. ಬಾಯಿ ಬಿಟ್ಟವನಿಗೆ ಕೊಡೋ ಕಿರುಕುಳವನ್ನೂ, ಅವನು ಹೇಳಿದ ವಿಷಯವನ್ನೂ ಒಂದೇ ಕಡೆ ನೋಡಬೇಕು ಅಂತಲೇ ಕೇಂದ್ರದಲ್ಲಿ 2014ರಲ್ಲಿ ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆ ಮಾಡಿದರು. ರಾಷ್ಟ್ರಪತಿ ಸಹಿ ಆಯ್ತು, ಗೆಜೆಟ್ ಆಯ್ತು. ಜಾರಿಗೆ ಬರುವ ದಿನಾಂಕ ಮಾತ್ರ ಹೊರಡಿಸಲಿಲ್ಲ. 2015ರಲ್ಲಿ ಅದಕ್ಕೊಂದು ತಿದ್ದುಪಡಿ ತಂದರು, ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯಲ್ಲಿ ಕೂತು ಬಿದ್ದುಹೋಯ್ತು. ಮನೆ ಕಟ್ಟಿ ಗೃಹಪ್ರವೇಶ ಮಾಡದೆ ಬೀಗ ಹಾಕಿದ ಹಾಗೆ.

ಆ ಕಾಯ್ದೆಯಲ್ಲೂ ‘ವಿಚಾರಿಸಬಾರದು’ ಅನ್ನೋ ಪಟ್ಟಿ ಇದೆ. ಕೋರ್ಟ್ ಅಥವಾ ಟ್ರಿಬ್ಯುನಲ್ ತೀರ್ಮಾನ ಮಾಡಿದ ವಿಷಯವನ್ನು ಮತ್ತೆ ಕೆದಕೋ ಹಾಗಿಲ್ಲ. ವಿಚಾರಣಾ ಆಯೋಗಕ್ಕೆ ಒಪ್ಪಿಸಿದ್ದನ್ನು ಮುಟ್ಟೋ ಹಾಗಿಲ್ಲ. ಏಳು ವರ್ಷ ದಾಟಿದ್ದು ಬೇಡ. ಹೆಸರಿಲ್ಲದ ಅಥವಾ ಸುಳ್ಳು ಹೆಸರಿನ ಅರ್ಜಿ ಬೇಡ. ಒಳ್ಳೆ ಉದ್ದೇಶದಿಂದ ಬಳಸಿದ ವಿವೇಚನೆಯನ್ನು ಪ್ರಶ್ನಿಸೋದು ಬೇಡ. ಲೋಕಪಾಲದಲ್ಲೂ ಏಳೇ ವರ್ಷ.

ಕ್ಲಾಸ್‌ವನ್_ಗುತ್ತಿಗೆದಾರ

ನನಗೆ ಎಲ್ಲರೂ ಬೈಯಿರಿ, ಪರವಾಗಿಲ್ಲ. ನಾನು ಕಂಟ್ರಾಕ್ಟರ್. ಇಲ್ಲಿ ಎಲ್ಲರೂ ದೂರುದಾರ ಅಂದ್ರೆ ಸತ್ಯಹರಿಶ್ಚಂದ್ರ ಅಂತ ಮಾತಾಡ್ತಿದ್ದೀರಿ. ನಮ್ಮ ಕಡೆ ಟೆಂಡರ್ ಸಿಗದವನು ಸೋಮವಾರ ಲೋಕಾಯುಕ್ತಕ್ಕೆ ಹೋಗ್ತಾನೆ, ಮಂಗಳವಾರ ಜಿಲ್ಲಾ ಪಂಚಾಯಿತಿ ಸಿಇಒಗೆ, ಬುಧವಾರ ಹೈಕೋರ್ಟಿಗೆ, ಗುರುವಾರ ಲೋಕಲ್ ಚಾನೆಲ್ಲಿಗೆ. ನನ್ನ ಒಂದು ರಸ್ತೆ ಕೆಲಸಕ್ಕೆ ನಾಲ್ಕು ಕಡೆ ಒಂದೇ ಅರ್ಜಿ ಝೆರಾಕ್ಸ್. ನಾಲ್ಕು ಕಡೆಯವರೂ ಬಂದು ಅದೇ ರಸ್ತೆಗೆ ನಾಲ್ಕು ಸಲ ಕೋರ್ ಕಟಿಂಗ್ ಮಾಡಿದರು, ಅಂದ್ರೆ ದಪ್ಪ ನೋಡೋಕೆ ರಸ್ತೆ ಕೊರೆದು ತುಂಡು ತೆಗೆದರು. ಒಬ್ಬರ ರಿಪೋರ್ಟ್ ಬರೋವರೆಗೆ ಇನ್ನೊಬ್ಬರು ಬಿಲ್ ಬಿಡಲ್ಲ. 14 ತಿಂಗಳು ಬಡ್ಡಿ ಕಟ್ಟಿದ್ದೀನಿ. ಕೊನೆಗೆ ಕೆಲಸ ಸರಿ ಇದೆ ಅಂತಾಯ್ತು. ಆ ಅರ್ಜಿ ಹಾಕಿದವನಿಗೆ ಏನಾಯ್ತು? ಏನೂ ಇಲ್ಲ. ಮೊನ್ನೆ ಮದುವೆಯಲ್ಲಿ ಸಿಕ್ಕ, ಚೆನ್ನಾಗಿದ್ದೀರಾ ಅಂದ.

ಒಂದು ಕಡೆ ನಡೀತಿದ್ದರೆ ಇನ್ನೊಂದು ಕಡೆಯವರು ಸುಮ್ಮನಿರಬೇಕು ಅನ್ನೋ ರೂಲು ಇರಲೇಬೇಕು.

ಸಂಡೂರು_ಕೆಂಪುಧೂಳು

ಗುತ್ತಿಗೆದಾರರೇ, ನಿಮ್ಮ ಕಷ್ಟ ಒಪ್ಪಿದೆ. ಆದರೆ ಆ ರೂಲನ್ನು ಬೇಲಿ ಮಾಡಿಕೊಳ್ಳೋದು ಯಾರು ಅಂತಲೂ ನೋಡಿ. ದೂರು ಬರೋ ಸುಳಿವು ಸಿಕ್ಕ ಕೂಡಲೇ ತಾವೇ ಒಂದು ಇಲಾಖಾ ವಿಚಾರಣೆಗೆ ಆದೇಶ ಮಾಡ್ತಾರೆ. ವಿಚಾರಣಾಧಿಕಾರಿ ಅಂತ ನಾಳೆ ನಿವೃತ್ತಿ ಆಗೋರನ್ನು ಹಾಕ್ತಾರೆ. ಆಮೇಲೆ ಯಾರು ಕೇಳಿದರೂ ‘ವಿಚಾರಣೆ ಪ್ರಗತಿಯಲ್ಲಿದೆ’ ಅನ್ನೋ ಉತ್ತರ.

ಕಿನ್ನಾಳ_ಗೊಂಬೆ

ಇದಕ್ಕೆ ನಮ್ಮ ಕಾಯ್ದೆಯಲ್ಲೇ ಔಷಧಿ ಇದೆ, ಯಾರೂ ಓದಲ್ಲ ಅಷ್ಟೇ. 8(2)(ಎ) ನೋಡಿ. ವಿಧಿವತ್ತಾದ ಬಹಿರಂಗ ವಿಚಾರಣೆಗೆ ಆದೇಶ ಆಗಿದ್ದರೆ ಲೋಕಾಯುಕ್ತ ತನಿಖೆ ಮಾಡುವ ಹಾಗಿಲ್ಲ, ಸರಿ. ಆದರೆ ಆ ಆದೇಶ ಲೋಕಾಯುಕ್ತರ ಅಥವಾ ಉಪಲೋಕಾಯುಕ್ತರ ಪೂರ್ವ ಸಮ್ಮತಿ ಪಡೆದು ಆಗಿರಬೇಕು. ವಿಚಾರಣಾ ಆಯೋಗಕ್ಕೆ ಒಪ್ಪಿಸಿದಾಗಲೂ ಅದೇ ಮಾತು. ಅಂದರೆ ಕಚೇರಿಯವರು ತಮ್ಮಷ್ಟಕ್ಕೆ ತಾವೇ ಒಂದು ವಿಚಾರಣೆ ಶುರು ಮಾಡಿ ‘ಇನ್ನು ನೀವು ಬರಬೇಡಿ’ ಅನ್ನೋಕೆ ಆಗಲ್ಲ. ಕೇಂದ್ರದ 2014ರ ಕಾಯ್ದೆಯಲ್ಲಿ ಈ ಪೂರ್ವ ಸಮ್ಮತಿ ಮಾತೇ ಇಲ್ಲ. ಈ ವಿಷಯದಲ್ಲಿ ನಮ್ಮ 1984ರದ್ದೇ ಜಾಣ ಕಾಯ್ದೆ.

ಯಾರಿಗಾದರೂ ‘ಇಲಾಖಾ ವಿಚಾರಣೆ ನಡೆಯುತ್ತಿರುವುದರಿಂದ’ ಅಂತ ಹಿಂಬರಹ ಬಂದರೆ ಮೊದಲು ಕೇಳಬೇಕಾದ್ದು, ಸಮ್ಮತಿ ಪತ್ರ ಎಲ್ಲಿ ಅಂತ.

ಕ್ಲಾಸ್‌ವನ್_ಗುತ್ತಿಗೆದಾರ

ಇದು ನನಗೂ ಗೊತ್ತಿರಲಿಲ್ಲ ಮೇಡಂ. ಆದರೆ ನನ್ನ ಕೋರ್ ಕಟಿಂಗ್ ಗುಂಡಿ ಮುಚ್ಚಿದ ಖರ್ಚು ಯಾರು ಕೊಡ್ತಾರೆ?

ಸಂಡೂರು_ಕೆಂಪುಧೂಳು

😄 ಅದಕ್ಕೆ ಬೇರೆ ಥ್ರೆಡ್ ಹಾಕಿ.

ನನ್ನ ಕಥೆ ಹೇಳ್ತೀನಿ, ಬೇರೆಯವರಿಗೆ ಉಪಯೋಗ ಆಗಲಿ. ನಾನು ಒಂದು ಕೇಂದ್ರ ಸರ್ಕಾರಿ ಉದ್ಯಮದಲ್ಲಿದ್ದೆ, ಹೆಸರು ಬೇಡ. ಖರೀದಿಯಲ್ಲಿ ಗೋಲ್‌ಮಾಲ್ ನೋಡಿ ಮೊದಲು ಲೋಕಾಯುಕ್ತಕ್ಕೆ ಬರೆದೆ. ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ರು, ಸರಿಯಾಗೇ ಅಂದ್ರು. ಕೇಂದ್ರದವರಿಗೆ ದಿಲ್ಲಿಯ ಸಿವಿಸಿ, ಅಂದ್ರೆ ಕೇಂದ್ರ ಜಾಗೃತ ಆಯೋಗ. 2004ರ ಏಪ್ರಿಲ್‌ನ ಪಿಐಡಿಪಿಐ ನಿರ್ಣಯ ಅಂತ ಇದೆ, ಅಕ್ರಮ ಬಯಲು ಮಾಡೋರ ರಕ್ಷಣೆಗೆ, ಅದರಲ್ಲಿ ಹೆಸರು ಗುಟ್ಟಾಗಿಡ್ತಾರೆ. ಅದು ಬಂದದ್ದೇ ಸತ್ಯೇಂದ್ರ ದುಬೆ ಸತ್ತ ಮೇಲೆ. ಹೆದ್ದಾರಿ ಕೆಲಸದ ಎಂಜಿನಿಯರ್, ಹೆಸರು ಗುಟ್ಟಾಗಿಡಿ ಅಂತ ಪ್ರಧಾನಿ ಕಚೇರಿಗೇ ಬರೆದಿದ್ದರು, ಪತ್ರ ಕೈಯಿಂದ ಕೈಗೆ ಓಡಾಡಿತು, 2003ರ ನವೆಂಬರ್ 27ಕ್ಕೆ ಗಯಾದಲ್ಲಿ ಗುಂಡಿಗೆ ಬಲಿಯಾದರು.

ನನ್ನ ತಪ್ಪು ಏನು ಅಂದ್ರೆ, ಲಕೋಟೆಯ ಹಿಂದೆ ಅಭ್ಯಾಸ ಬಲದಿಂದ ‘ಇಂದ’ ಅಂತ ನನ್ನ ಹೆಸರು ವಿಳಾಸ ಬರೆದುಬಿಟ್ಟೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪತ್ರಲೇಖನ ಕಲಿಸಿದ್ದರಲ್ಲ. ಹೆಸರು ಲಕೋಟೆ ಮೇಲೆ ಇರಬಾರದು, ಒಳಗಿನ ಪತ್ರದಲ್ಲಿ ಇರಲೇಬೇಕು. ಮೇಲೆ ‘ಪಬ್ಲಿಕ್ ಇಂಟರೆಸ್ಟ್ ಡಿಸ್‌ಕ್ಲೋಷರ್’ ಅಂತ ಬರೆದು ಅಂಟು ಹಚ್ಚಿ ಕಳಿಸಬೇಕು. ಆಮೇಲೆ ಅವರು ಬರೆದು ಕೇಳ್ತಾರೆ, ಇದು ನೀವೇ ಬರೆದದ್ದಾ ಅಂತ. ಉತ್ತರ ಕೊಡದಿದ್ದರೆ ಮುಂದಕ್ಕೆ ಹೋಗಲ್ಲ. ಹೆದರಿ ಸುಮ್ಮನಾದವರು ಎಷ್ಟೋ ಜನ.

ನಮ್ಮ ಮೂರು ಜಿಲ್ಲೆಯಲ್ಲಿ ಈ ಗೊಂದಲ ಜಾಸ್ತಿ. ಡೋಣಿಮಲೈ ಎನ್‌ಎಂಡಿಸಿ, ರೈಲ್ವೆ, ಸರ್ಕಾರಿ ಬ್ಯಾಂಕು, ಇವೆಲ್ಲ ಕೇಂದ್ರದ ಬಾಗಿಲು. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಆರ್‌ಟಿಪಿಎಸ್, ಕುಡತಿನಿಯ ಬಿಟಿಪಿಎಸ್ ವಿದ್ಯುತ್ ಸ್ಥಾವರಗಳು, ಇವೆಲ್ಲ ರಾಜ್ಯದ್ದು, ಲೋಕಾಯುಕ್ತ. ಖಾಸಗಿ ಉಕ್ಕಿನ ಕಾರ್ಖಾನೆ ಆದರೆ ಎರಡೂ ಅಲ್ಲ.

ನಿರ್ವಾಹಕ

ಅಧಿಕಾರಿಗಳ ಹೆಸರು ಹಾಕಿದ್ದ ಎರಡು ಪೋಸ್ಟ್ ತೆಗೆದಿದ್ದೇವೆ. ಊಹೆ ಮಾಡೋದೂ ಬೇಡ.

ಸಿಂಧನೂರು_ಸೋನಾಮಸೂರಿ

ಒಂದು ಡೌಟು. ಇಷ್ಟೆಲ್ಲ ಮಾಡಬಾರದು ಅನ್ನೋ ಪಟ್ಟಿ ಇದ್ದರೆ 2011ರಲ್ಲಿ ಬಳ್ಳಾರಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ರಿಪೋರ್ಟ್ ಹೇಗೆ ಬಂತು? ಆಗ ಸುಪ್ರೀಂ ಕೋರ್ಟಿನಲ್ಲೂ ಕೇಸಿತ್ತಲ್ಲ.

ನಿವೃತ್ತ_ಶಿರಸ್ತೇದಾರ

ಒಳ್ಳೆ ಪ್ರಶ್ನೆ, ಮಿರ್ಚಿ ಬಿಟ್ಟು ಯೋಚನೆ ಮಾಡಿದ್ದೀಯ. ಅದು ಯಾರೋ ಒಬ್ಬರು ಫಾರಂ ತುಂಬಿ ಕೊಟ್ಟ ದೂರಲ್ಲ. 2007ರಲ್ಲಿ ಸರ್ಕಾರವೇ ಲೋಕಾಯುಕ್ತಕ್ಕೆ ವಹಿಸಿದ್ದು. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು ವರದಿ, 2011ರ ಜುಲೈನಲ್ಲಿ ದೊಡ್ಡ ವರದಿ ಕೊಟ್ಟರು. ಅದೇ ಹೊತ್ತಿಗೆ ಸುಪ್ರೀಂ ಕೋರ್ಟಿನ ಸಿಇಸಿ, ಅಂದರೆ ಕೇಂದ್ರ ಉನ್ನತಾಧಿಕಾರ ಸಮಿತಿಯವರೂ ಬಂದು ಗಡಿ ಅಳೆದು ಹೋದರು. ಎರಡೂ ಒಟ್ಟಿಗೆ ನಡೆದವು, ಒಂದಕ್ಕೊಂದು ಅಡ್ಡ ಬರಲಿಲ್ಲ. ಕೋರ್ಟು ತೀರ್ಮಾನ ಮಾಡಿ ಮುಗಿಸಿದ್ದು ಬೇರೆ, ಕೋರ್ಟಿನಲ್ಲಿ ನಡೀತಾ ಇರೋದು ಬೇರೆ. ಆದರೆ ಅದು ಕೈ ಬಲ ಇದ್ದವರು ಹಿಡಿದ ಕೇಸು. ಒಂದು ನೀರಿನ ಘಟಕದ ಬಿಲ್ಲಿಗೆ ಸರ್ಕಾರ ಎಲ್ಲಿ ವಹಿಸುತ್ತೆ.

ಎಡದಂಡೆ_ಕಾಲುವೆ

ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಪೂರ್ತಿ ಓದಿ ಹೇಳಿದೆ. ಈಗ ಏನು ಮಾಡೋದು? ಮತ್ತೆ ದೂರು ಕೊಡಬಹುದಾ, ಇಲ್ಲ ಹೈಕೋರ್ಟಾ?

ಕಿನ್ನಾಳ_ಗೊಂಬೆ

ಮೂರನೇ ಬಿಲ್ಲಿನ ತಾರೀಖು ಎಷ್ಟು?

ಎಡದಂಡೆ_ಕಾಲುವೆ

26-3-2021.

ಕಿನ್ನಾಳ_ಗೊಂಬೆ

ಈಗ ಜನವರಿ ಮುಗೀತಾ ಬಂತು. ಈ ಮಾರ್ಚ್ 26ಕ್ಕೆ ಅದಕ್ಕೂ ಐದು ವರ್ಷ. ಎರಡು ತಿಂಗಳೂ ಇಲ್ಲ. ಮುಕ್ತಾಯದ ಆದೇಶ ತಪ್ಪು ಅಂತ ಧಾರವಾಡ ಪೀಠದಲ್ಲಿ ರಿಟ್ ಹಾಕಬಹುದು, ಅದಕ್ಕೆ ಖರ್ಚಿದೆ, ಸಮಯ ಬೇಕು. ಅದಕ್ಕೆ ಕಾಯುತ್ತಾ ಕೂರಬೇಡಿ. ಮೂರನೇ ಬಿಲ್ಲಿನ ಮೇಲೆ ಮಾತ್ರ ಹೊಸ ದೂರು ಬರೆಯಿರಿ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಮೊದಲಿನ ದೂರಿನ ನಂಬರ್ ಹಾಕಿ, ಮುಚ್ಚಿಡಬೇಡಿ, ‘ಈ ಬಿಲ್ಲನ್ನು ಆಗ ಪರಿಶೀಲಿಸಿಲ್ಲ’ ಅಂತ ಒಂದು ಸಾಲು. ಮೊದಲ ಎರಡು ಬಿಲ್ಲು ಅದೇ ಫೋಟೋ ಅನ್ನೋದಕ್ಕೆ ಪುರಾವೆಯಾಗಿ ಹಿಂದೆ ಲಗತ್ತಿಸಿ, ಆಪಾದನೆಯಾಗಿ ಬೇಡ. ವರ್ಗಾವಣೆ ಬಗ್ಗೆ ಒಂದಕ್ಷರ ಬೇಡ, ಎಷ್ಟು ಸಿಟ್ಟಿದ್ದರೂ.

ನೀರಿಂದು ಊರವರೇ ಬರೆಯಲಿ. ಮೊದಲು ತಾಲ್ಲೂಕು ಪಂಚಾಯಿತಿ ಇಒಗೆ, ಸಿಇಒಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಲಿ. ಕುಂದುಕೊರತೆಗೆ ಬೇರೆ ಕಡೆ ಪರಿಹಾರ ಇದ್ದೂ ಕೇಳದಿದ್ದರೆ, 8(1)ರಲ್ಲೇ ಅದೂ ಬಿದ್ದುಹೋಗುತ್ತೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ತನಿಖೆಗೆ ತೆಗೆದುಕೊಂಡರೆ ದೂರಿನ ಪ್ರತಿ ಆ ಅಧಿಕಾರಿಗೂ ಹೋಗುತ್ತೆ, ಅವರ ಉತ್ತರ ಕೇಳಬೇಕಲ್ಲ. ಅಲ್ಲಿ ನಿಮ್ಮಣ್ಣನ ಹೆಸರಿರುತ್ತೆ. ಸುಳ್ಳು ದೂರಿಗೆ ಜೈಲೂ ಇದೆ, ಅದೇ ಕಾಯ್ದೆಯಲ್ಲಿ. ಸುಳ್ಳಲ್ಲ ಅಂತ ಗೊತ್ತು, ಆದರೂ ಅತ್ತಿಗೆಗೆ ಹೇಳಿ ಮಾಡಲಿ.

ಸಂಡೂರು_ಕೆಂಪುಧೂಳು

ಅತ್ತಿಗೆಗೆ ಹೇಳದೆ ನಾನು ಮಾಡಿದ್ದೆ. ಬೇಡ.

ನಿವೃತ್ತ_ಶಿರಸ್ತೇದಾರ

ಅಳತೆ ಪುಸ್ತಕದ (ಎಂಬಿ) ಪುಟದ ನಂಬರ್ ಬರೆಯೋಕೆ ಮರೀಬೇಡಿ. ‘ಅವ್ಯವಹಾರ ನಡೆದಿದೆ’ ಅಂತ ಹತ್ತು ಸಲ ಬರೆಯೋ ಬದಲು ಎಂಬಿ ನಂಬರ್, ಪುಟ, ತಾರೀಖು, ಮೊತ್ತ ಒಂದೇ ಸಲ ಬರೆದರೆ ಸಾಕು. ಪ್ರಾಥಮಿಕ ವಿಚಾರಣೆ ಮಾಡೋರು ಮೊದಲು ಹುಡುಕೋದೇ ಅದನ್ನ. ಮೊಬೈಲ್ ಫೋಟೋ, ಪೆನ್‌ಡ್ರೈವ್ ಕೊಡೋದಾದರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಮಾಣಪತ್ರವನ್ನೂ ವಕೀಲರ ಕೈಲಿ ಬರೆಸಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ. ಕಚೇರಿ ಮೂಲ ಕಾಗದ ಮಾತ್ರ ಮನೆಗೆ ತರಬಾರದು. ಅದೊಂದು ತಪ್ಪು ಸಾಕು, ಕಳ್ಳ ಯಾರು ಅನ್ನೋದೇ ಅದಲು ಬದಲಾಗುತ್ತೆ. ಪ್ರತಿ ಬೇಕಾದರೆ ಆರ್‌ಟಿಐ ಹಾಕಿ, ಇವತ್ತೇ ಹಾಕಿ, 30 ದಿನ ಅದಕ್ಕೇ ಹೋಗುತ್ತೆ.

ಎಡದಂಡೆ_ಕಾಲುವೆ

ಹದಿನೈದು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ ಅಂತ ಹೇಳಿದ್ದೆ. ಆರ್‌ಟಿಐ ಹಾಕಿದ್ದು ನಾನು, ಅಣ್ಣ ಅಲ್ಲ. ಅತ್ತಿಗೆಗೂ ಹೇಳಿದ್ವಿ, ಮೂರು ದಿನ ಮಾತು ಬಿಟ್ಟಿದ್ದರು, ಆಮೇಲೆ ತಾವೇ ಅಫಿಡವಿಟ್‌ಗೆ ಅಂತ ಛಾಪಾ ಕಾಗದ ತಂದುಕೊಟ್ಟರು. ಮೊನ್ನೆ ಆ ಊರಿಗೆ ಹೋಗಿ ಘಟಕದ ಇವತ್ತಿನ ಫೋಟೋ ತೆಗೆದುಕೊಂಡು ಬಂದೆ. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಮೆಟ್ಟಿಲ ಮೇಲೆ ಜಾಲಿ ಮುಳ್ಳು. ನಾಯಿ ಇರಲಿಲ್ಲ. ಪಕ್ಕದ ಅಂಗಡಿ ಅಜ್ಜಿಯನ್ನು ಕೇಳಿದೆ, ಅದು ಸತ್ತು ಐದಾರು ವರ್ಷ ಆಯ್ತಪ್ಪಾ, ಕೊರೊನಾ ಬರೋಕೆ ಮುಂಚೆನೇ ಹೋಯ್ತು ಅಂದಳು.

ನಿವೃತ್ತ_ಶಿರಸ್ತೇದಾರ

ಏನಂದೆ? ಕೊರೊನಾಕ್ಕೆ ಮುಂಚೆ ಸತ್ತ ನಾಯಿ 2021ರ ಬಿಲ್ಲಿನಲ್ಲಿ ಮಲಗಿದೆಯಾ?

ಕಿನ್ನಾಳ_ಗೊಂಬೆ

ಆ ಅಜ್ಜಿ ಅಫಿಡವಿಟ್ ಕೊಡ್ತಾಳಾ ಕೇಳಿ. ನೋಟರಿ ನಾನೇ ಕರೆದುಕೊಂಡು ಬರ್ತೀನಿ, ದುಡ್ಡು ಬೇಡ.

ಎಡದಂಡೆ_ಕಾಲುವೆ

ಕೇಳಿದೆ ಅಕ್ಕಾ. ಹೆಬ್ಬೆಟ್ಟು ಒತ್ತೋಕೆ ರೆಡಿ, ಆದರೆ ನಾಯಿಗಾಗಿ ಅಲ್ಲ, ನೀರಿಗಾಗಿ ಅಂದಳು. ಇನ್ನೊಂದು ಪ್ರಶ್ನೆ, ಬಿಲ್ಲಿನ ಫೋಟೋ ಝೆರಾಕ್ಸ್ ಸಾಕಾ, ಕಲರ್ ಪ್ರಿಂಟ್ ಹಾಕಬೇಕಾ?

ನಿವೃತ್ತ_ಶಿರಸ್ತೇದಾರ

ಕಲರ್ ಹಾಕು. ಝೆರಾಕ್ಸ್‌ನಲ್ಲಿ ಕರಿ ನಾಯಿ ಮಸಿ ಬಳಿದ ಹಾಗೆ ಕಾಣುತ್ತೆ, ಕಿವಿ ಗೊತ್ತಾಗಲ್ಲ.